ಒಂಟಿಕಿವಿಯೂ ಅವನ ಅಕ್ಕನೂ ಬಿಸಿ ಪ್ಲೇಟೂ

ನಾನು ಅವನನ್ನು ಮೊದಲ ಸಲ ನೋಡಿದಾಗ ಅವನ ಅಕ್ಕ ಅವನ ತಲೆಗೆ ಸ್ಟೀಲ್ ಫ್ಲಾಸ್ಕಿನಿಂದ ಬಾರಿಸುತ್ತಿದ್ದಳು.

ಅದು ಆಸ್ಪತ್ರೆಯ ಸುಟ್ಟಗಾಯದ ವಾರ್ಡು. ನಾನಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ನರ್ಸು. ಆ ಹೊತ್ತಿಗೆ ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಪೆಟ್ಟು ತಿಂದು ಬಂದವರನ್ನು ಬೇಕಾದಷ್ಟು ನೋಡಿದ್ದೆ. ಆದರೆ ಬಲಗೈಗೆ ಮೊಣಕೈವರೆಗೆ ಪಟ್ಟಿ ಸುತ್ತಿಸಿಕೊಂಡು, ಉಳಿದ ಎಡಗೈಯಲ್ಲಿ ಪಕ್ಕದ ಮಂಚದ ರೋಗಿಗೆ ಹೊಡೆಯುವ ಹೆಂಗಸನ್ನು ನೋಡಿದ್ದು ಅದೇ ಮೊದಲು. ಪಕ್ಕದ ಮಂಚದವನು ನಲವತ್ತು ದಾಟಿದ ಗಂಡಸು. ಅವನ ಎರಡೂ ಮುಂಗೈ ಬೆಂದಿದ್ದವು. ಅವನು ತಲೆ ತಗ್ಗಿಸಿ ಕೂತಿದ್ದ, ತಪ್ಪಿಸಿಕೊಳ್ಳಲು ಹೋಗಲಿಲ್ಲ.

"ಆ ಬಲ್ಬಿನ ಚೈನು ಕಟ್ಟಿದ್ದು ಯಾರೋ? ಹೇಳು!"

"ನಾನೇ ಅಕ್ಕ."

"ಮತ್ತೆ?"

ಠಣ್. ನಾನು ಓಡಿಹೋಗಿ ಫ್ಲಾಸ್ಕು ಕಿತ್ತುಕೊಂಡೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಷಾರು, ಅದರಲ್ಲಿ ಚಹಾ ಇದೆ. ಚೆಲ್ಲೀಯ" ಅಂದಳು.

ಇಬ್ಬರೂ ಮೂರು ವಾರ ವಾರ್ಡಿನಲ್ಲಿದ್ದರು. ಮಂಚಗಳನ್ನು ದೂರ ದೂರ ಹಾಕಿಸಿದೆ. ಹಳೆಯ ಪಟ್ಟಿ ಬಿಚ್ಚುವಾಗಿನ ನೋವಿಗೆ ಕೆಲವರು ಕಿರುಚುತ್ತಾರೆ, ಕೆಲವರು ಮಾತಾಡುತ್ತಾರೆ. ಅವನು ಮಾತಾಡುವವನು. ಅವನ ಕಥೆ ನನಗೆ ಗೊತ್ತಾಗಿದ್ದು ಹಾಗೆ, ದಿನಕ್ಕಿಷ್ಟು.

ಅವನನ್ನು ಎಲ್ಲರೂ ಒಂಟಿಕಿವಿ ಅಂತಲೇ ಕರೆಯುತ್ತಿದ್ದರು. ಕಿವಿ ಎರಡೂ ಇದ್ದವು, ಎಡಗಡೆಯದು ಕೇಳುತ್ತಿರಲಿಲ್ಲ ಅಷ್ಟೆ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೈದು. ಲಾರಿ ಓಡಿಸುತ್ತಿದ್ದ ಅಪ್ಪ ಒಂದು ದಿನ ಲಾರಿಯ ಜೊತೆಗೇ ಹೋದವನು ತಿರುಗಿ ಬರಲಿಲ್ಲ. ಅಕ್ಕ ಮೊಟ್ಟೆ ಮರಿ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ನಾಲ್ಕು ವರ್ಷದ ಮೇಲೆ ತನ್ನದೇ ಒಂದು ಶೆಡ್ಡು ಹಾಕಿದಳು. ಒಂದು ದಿನದ ಕೋಳಿಮರಿಗಳನ್ನು ತಂದು, ಐದು ವಾರ ಬೆಚ್ಚಗಿಟ್ಟು, ರೆಕ್ಕೆ ಬಲಿತ ಮೇಲೆ ಮಾರುವುದು. ಮರಿಗಳ ಕಾವಿಗೆ ಕೆಂಪು ಬಲ್ಬು ತೂಗುಹಾಕುತ್ತಿದ್ದಳು.

ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಹೊಸ ಮರಿಗಳ ಪೆಟ್ಟಿಗೆ ಹೊತ್ತು ಬರುತ್ತಾ ಎಡವಿದ. ಪೆಟ್ಟಿಗೆ ಬಿದ್ದು ತೆರೆದುಕೊಂಡಿತು, ಅವನ ಕಾಲು ಅದರೊಳಕ್ಕೆ ಇಳಿಯಿತು. ಏಳು ಮರಿ ಸತ್ತವು. ಅಕ್ಕ ತಿರುಗಿದವಳೇ ಕಪಾಳಕ್ಕೆ ಬಿಟ್ಟಳು. ಕಿವಿಯೊಳಗೆ ಸೀಟಿ ಊದಿದಂತಾಯಿತು. ಮೂರು ದಿನ ಆ ಸೀಟಿ ನಿಲ್ಲಲಿಲ್ಲ. ನಿಂತಾಗ ಕೇಳಿಸುವುದೂ ಅದರ ಜೊತೆಗೇ ನಿಂತುಹೋಯಿತು.

"ಅಂಗಿ ಕಾಲರೆಲ್ಲ ರಕ್ತ" ಅಂದ ಅವನು. "ಡಾಕ್ಟರ ಮನೆ ಮೂರು ಮೈಲಿ. ಅಷ್ಟು ದೂರ ಬೆನ್ನ ಮೇಲೆ ಹೊತ್ಕೊಂಡು ಹೋದಳು. ದಾರಿಯುದ್ದ ಅಳ್ತಾನೇ ಇದ್ದಳು ಸಿಸ್ಟರ್."

ಅವಳಿಗೆ ಕೈ ಮುಂದು, ಬಾಯಿ ಹಿಂದು. ಮೇವು ತಂದುಕೊಡುವವನಿಗೆ ಹೊಡೆದಿದ್ದಳು, ಲಾರಿಯ ಕ್ಲೀನರಿಗೆ ಹೊಡೆದಿದ್ದಳು, ಮರಿಯೊಂದನ್ನು ಜೇಬಿಗಿಳಿಸಿದ ಗಿರಾಕಿಯ ಮೂಗು ಮುರಿದಿದ್ದಳು. ಮದುವೆಯೂ ಆಗಿತ್ತಂತೆ. ಗಂಡ ಎಂಟು ತಿಂಗಳಿದ್ದು, ಮುಂದಿನ ಎರಡು ಹಲ್ಲು ಬಿಟ್ಟು ಹೊರಟುಹೋದ. ತಮ್ಮನಿಗಂತೂ ಲೆಕ್ಕವೇ ಇರಲಿಲ್ಲ. ಸೌಟು, ಪೊರಕೆ, ನೀರಿನ ಪೈಪು, ಕೈಗೆ ಸಿಕ್ಕಿದ್ದು. ನಲವತ್ತೊಂದರ ವಯಸ್ಸಿನಲ್ಲೂ ಅವಳು ಕೈ ಎತ್ತಿದರೆ ಅವನು ಕಣ್ಣು ಮುಚ್ಚಿ ನಿಲ್ಲುತ್ತಿದ್ದ.

ಬೆಂಕಿ ಬಿದ್ದದ್ದು ಚಳಿಗಾಲದ ಒಂದು ನಡುಮಧ್ಯಾಹ್ನ. ತಗಡಿನ ಸೂರು, ಪ್ಲೈವುಡ್ ಗೋಡೆ, ನೆಲದ ತುಂಬ ನಾಲ್ಕು ಬೆರಳು ದಪ್ಪದ ಮರದ ಹೊಟ್ಟು, ಮೇಲೆ ಏಳು ಕೆಂಪು ಬಲ್ಬು. ಒಳಗೆ ಆರು ದಿನದ ಆರುನೂರು ಮರಿ. ಒಂದು ಬಲ್ಬಿನ ಚೈನು ತುಕ್ಕು ಹಿಡಿದಿತ್ತು. ತುಂಡಾದ ಕಡೆ ಒಂಟಿಕಿವಿ ತಂತಿ ಸುತ್ತಿ ಕಟ್ಟಿದ್ದ. ಹೊಸ ಚೈನು ತರಬೇಕು, ನಾಳೆ ತಂದರಾಯಿತು ಅಂತ. ತಂತಿ ಜಾರಿತು. ಬಲ್ಬು ಹೊಟ್ಟಿನೊಳಗೆ ಮೂತಿ ಹುದುಗಿಸಿಕೊಂಡು ಉರಿಯುತ್ತಾ ಬಿದ್ದುಕೊಂಡಿತು.

ಅವನು ಆಗ ಹೊರಗಡೆ ನಲ್ಲಿಯ ಹತ್ತಿರ ಮರಿಗಳ ನೀರಿನ ಬಟ್ಟಲು ತೊಳೆಯುತ್ತಿದ್ದ. ಎಡಗಿವಿ ಶೆಡ್ಡಿನ ಕಡೆಗಿತ್ತು. ಆರುನೂರು ಮರಿ ಒಟ್ಟಿಗೆ ಕಿರುಚಿದ್ದು ಅವನಿಗೆ ಕೇಳಲೇ ಇಲ್ಲ. ಹೊಗೆ ಮೂಗಿಗೆ ಹೊಡೆದಾಗ ತಿರುಗಿ ನೋಡಿದ.

ಅಕ್ಕ ಆಗಲೇ ಒಳಗಿದ್ದಳು. ಒಂದು ಪೆಟ್ಟಿಗೆ ಮರಿ ಎತ್ತಿಕೊಂಡು ಹೊರಬಂದು, ಅದನ್ನು ಅವನ ಕಾಲ ಬಳಿ ಕುಕ್ಕಿ, ಮತ್ತೆ ಒಳಗೆ ನುಗ್ಗಿದಳು. ಅವನೂ ಹಿಂದೆಯೇ ನುಗ್ಗಿದ. ಬಲ್ಬುಗಳು ಒಂದೊಂದಾಗಿ ಸಿಡಿಯುತ್ತಿದ್ದವು. ಮರಿಗಳು ಬೆಂಕಿಗೆ ಹೆದರಿ ಮೂಲೆಗೆ ಓಡಿ, ಒಂದರ ಮೇಲೊಂದು ಹತ್ತಿ, ಗೋಡೆಯಂತೆ ನಿಂತಿದ್ದವು. ಆ ಮೂಲೆಗೇ ಬೆಂಕಿ ತಿರುಗಿತು. ಅವುಗಳಿಗೆ ಅಡ್ಡವಾಗಿದ್ದ ತಂತಿಬಲೆಯನ್ನು ಅಕ್ಕ ಬರಿಗೈಯಲ್ಲಿ ಹಿಡಿದು ಕಿತ್ತಳು. ಬಲೆ ಕೆಂಪಗೆ ಕಾದಿತ್ತು. ಅವಳ ಬೆರಳು ಅದಕ್ಕೆ ಅಂಟಿಕೊಂಡವು. ಅವನು ಅವಳ ಸೊಂಟ ಹಿಡಿದೆಳೆದ. ಅವಳು ಅವನ ತೋಳು ಕಚ್ಚಿದಳು, ಮಾಂಸ ಬರುವ ಹಾಗೆ ಕಚ್ಚಿದಳು. ಅವನು ಬಿಡಲಿಲ್ಲ. ಇಬ್ಬರೂ ಹೊರಗೆ ಬಿದ್ದ ಮೇಲೆ ಸೂರು ಕೂತಿತು.

ಉಳಿದದ್ದು ಐವತ್ತೆರಡು ಮರಿ. ಅಕ್ಕನ ಬಲಗೈಯ ಮೂರು ಬೆರಳು ಒಂದಕ್ಕೊಂದು ಕೂಡಿಕೊಂಡವು, ಸ್ಪರ್ಶಜ್ಞಾನ ಹೋಯಿತು. ಅವನ ತೋಳಿನ ಹಲ್ಲಿನ ಗುರುತಿಗೆ ನಾನೇ ಐದು ಹೊಲಿಗೆ ಹಾಕಿಸಿದೆ.

ಮನೆಗೆ ಹೋದ ಮೇಲೆ ಶೆಡ್ಡನ್ನು ಹೇಗೋ ಮತ್ತೆ ನಿಲ್ಲಿಸಿದರು. ಒಂದು ಗೋಡೆ ಪೂರ್ತಿ ಆಗಿರಲಿಲ್ಲ, ಆ ಕಡೆಗೆ ಟಾರ್ಪಾಲು ಕಟ್ಟಿದ್ದರು. ವೈರಿಂಗ್ ಮಾಡಲು ಬಂದ ಎಲೆಕ್ಟ್ರಿಷಿಯನ್ ಹೊಸ ಬಲ್ಬುಗಳನ್ನು ನೋಡಿ, "ಮತ್ತೆ ಇವೇನಾ?" ಅಂದ. "ಒಂದೊಂದು ಬಲ್ಬೂ ಒಂದು ಒಲೆ ಕಣಪ್ಪಾ. ಹೊಟ್ಟಿನ ಮೇಲೆ ಏಳು ಒಲೆ ತೂಗುಹಾಕಿ ಊಟಕ್ಕೆ ಹೋಗ್ತೀಯಲ್ಲ, ಧೈರ್ಯ ನಿಂದು. ಬಿಸಿ ಪ್ಲೇಟು ಅಂತ ಬರುತ್ತೆ, ಅದನ್ನ ಹಾಕು."

ಅವನೇ ಎರಡು ತಂದುಕೊಟ್ಟ. ನಾಲ್ಕು ಕಾಲಿನ ಮೋಟು ಮೇಜಿನಂಥ ವಸ್ತು. ತಳಭಾಗ ಮಾತ್ರ ಬಿಸಿ, ಅದೂ ಕೈಯಿಟ್ಟರೆ ಸುಡದಷ್ಟು. ಮರಿಗಳು ತಾಯಿಕೋಳಿಯ ಹೊಟ್ಟೆಯ ಕೆಳಗೆ ನುಸುಳಿದಂತೆ ಅದರ ಕೆಳಗೆ ನುಸುಳಿ ಬೆನ್ನು ತಾಗಿಸಿಕೊಂಡು ಮಲಗುತ್ತವೆ. ಚಳಿ ಬಿಟ್ಟರೆ ಹೊರಗೆ ಬಂದು ತಿನ್ನುತ್ತವೆ.

ಒಂಟಿಕಿವಿ ಅದನ್ನು ಒಂದಿಡೀ ದಿನ ಖಾಲಿ ಉರಿಸಿ ನೋಡಿದ. ಕಾಲುಗಳನ್ನು ತಿರುಗಿಸಿ, ನಿಂತ ಮರಿಯ ಬೆನ್ನಿಗೆ ತಳ ಸವರುವಷ್ಟು ಎತ್ತರಕ್ಕೆ ಇಳಿಸಿದ. ಒಂದು ಅಂಚನ್ನು ಒಂಚೂರು ಮೇಲೆತ್ತಿದ, ಸಣ್ಣದು ಒಳಗೂ ದೊಡ್ಡದು ಅಂಚಿಗೂ ಇರಲಿ ಅಂತ. ವೈರು ಮರಿಗಳ ಕೊಕ್ಕಿಗೆ ಸಿಗದ ಹಾಗೆ ಪೈಪಿನೊಳಗೆ ತೂರಿಸಿದ. ನೂರು ಮರಿ ಬಂದಾಗ ಒಂದೊಂದನ್ನೇ ಹಿಡಿದು ಕೆಳಗೆ ತಳ್ಳಿ ಜಾಗ ಕಲಿಸಿಕೊಟ್ಟ.

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಬೆಳಕಿಲ್ಲ, ಗಾಳಿ ಬಿಸಿಯಾಗಲ್ಲ. ಇಸ್ತ್ರಿ ಪೆಟ್ಟಿಗೆ ಕೆಳಗೆ ಮರಿ ಸಾಕ್ತಾನಂತೆ."

ಗಾಳಿ ಬಿಸಿಯಾಗುವುದಿಲ್ಲ ಎಂಬ ಮಾತು ಖರೆ. ಅದನ್ನು ಅವನು ತಲೆಗೆ ಹಾಕಿಕೊಳ್ಳಲಿಲ್ಲ. ಒಂದು ಪ್ಲೇಟು ಒಳಗಡೆ ಇತ್ತು, ಇನ್ನೊಂದು ಟಾರ್ಪಾಲಿನ ಪಕ್ಕದಲ್ಲಿ. ಐದನೆಯ ದಿನ ರಾತ್ರಿ ಗಾಳಿ ಎದ್ದು ಟಾರ್ಪಾಲಿನ ಸಂದಿಯಿಂದ ಆ ಪ್ಲೇಟಿನ ಕೆಳಗೆ ನೇರವಾಗಿ ಹೊಡೆಯಿತು. ಅಲ್ಲಿದ್ದ ಐವತ್ತು ಮರಿ ಎದ್ದು ಇನ್ನೊಂದರ ಕೆಳಗೆ ನುಗ್ಗಿದವು. ಐವತ್ತರ ಜಾಗದಲ್ಲಿ ನೂರು. ಬೆಳಿಗ್ಗೆ ಅವನು ಪ್ಲೇಟು ಎತ್ತಿದಾಗ ಅಂಚಿನವು ಓಡಿಹೋದವು, ನಡುವಿನವು ಏಳಲಿಲ್ಲ. ತುಳಿದು ಅಪ್ಪಚ್ಚಿಯಾಗಿ, ಒಂದಕ್ಕೊಂದು ಮೆತ್ತಿಕೊಂಡು, ಒದ್ದೆ ಬಟ್ಟೆಯಂತೆ ಬಿದ್ದಿದ್ದವು. ಮೂವತ್ತೆಂಟು.

ಅಕ್ಕ ಬಂದಳು, ನೋಡಿದಳು. ಬಗ್ಗಿ ಒಂದು ಸತ್ತ ಮರಿ ಎತ್ತಿಕೊಂಡು ಅವನ ಮುಖಕ್ಕೆ ಎಸೆದಳು. ಆಮೇಲೆ ಇನ್ನೊಂದು. ಮತ್ತೊಂದು. ಎಡಗೈಯಲ್ಲಿ, ಗುರಿ ತಪ್ಪದೆ. ಹಣೆಗೆ, ಬಾಯಿಗೆ, ಕಣ್ಣಿಗೆ. "ಇದು ನಿನ್ನ ಪ್ಲೇಟಿಗೆ. ಇದು ನಿನ್ನ ಎಲೆಕ್ಟ್ರಿಷಿಯನ್ನಿಗೆ. ಇದು ನಿನ್ನ ಬುದ್ಧಿಗೆ." ಒಂಬತ್ತೋ ಹತ್ತೋ ಆಗಿತ್ತು. ಹನ್ನೊಂದನೆಯದು ಇನ್ನೂ ಸತ್ತಿರಲಿಲ್ಲ. ಅವಳ ಮುಷ್ಟಿಯಲ್ಲಿ ಅದರ ಕಾಲು ಆಡುತ್ತಿತ್ತು. ಅವಳು ನೋಡಿರಲಿಲ್ಲ, ಅವನು ನೋಡಿದ.

ಅವನು ಹೊಡೆದ. ಹುಟ್ಟಿದಾಗಿನಿಂದ ಒಂದು ಇರುವೆಗೂ ಕೈ ಎತ್ತದವನು ತನ್ನ ಮೈಯ ಬಲವನ್ನೆಲ್ಲ ಸೇರಿಸಿ ಅಕ್ಕನ ಮುಖಕ್ಕೆ ಹೊಡೆದ. ಅವಳು ಹಿಂದಕ್ಕೆ ಹಾರಿ ಮೇವಿನ ಡ್ರಮ್ಮಿನ ಅಂಚಿಗೆ ಬಡಿದುಕೊಂಡು ಬಿದ್ದಳು. ಭುಜದ ಮೂಳೆ ಮುರಿದ ಸದ್ದು ಅವನ ಒಂದೇ ಕಿವಿಗೂ ಸ್ಪಷ್ಟವಾಗಿ ಕೇಳಿಸಿತು. ಬಿದ್ದವಳ ಮೇಲೆ ಹೋಗಿ ಮತ್ತೆ ಹೊಡೆದ, ಎರಡು ಸಲ. ಆಮೇಲೆ ನಿಂತ.

ಅವಳನ್ನು ಆಟೋದಲ್ಲಿ ಹಾಕಿಕೊಂಡು ಬಂದಾಗ ನಾನು ಹೊರರೋಗಿ ವಿಭಾಗದಲ್ಲಿದ್ದೆ. ತುಟಿ ಸೀಳಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು, ತೋಳು ಜೋತುಬಿದ್ದಿತ್ತು.

"ಏನಾಯ್ತು?"

"ಜಾರಿ ಬಿದ್ದೆ" ಅಂದಳು ಅಕ್ಕ.

"ಇಲ್ಲ. ನಾನು ಹೊಡೆದೆ. ಬರ್ಕೊಳ್ಳಿ" ಅಂದ ಅವನು. ಮುಖದ ಮೇಲೆ ಮರಿಗಳ ಹಳದಿ ತುಪ್ಪಳ ಇನ್ನೂ ಅಂಟಿಕೊಂಡಿತ್ತು.

"ಬಾಯಿ ಮುಚ್ಚೋ. ಜಾರಿ ಬಿದ್ದೆ ಅಂತ ಬರ್ಕೊಳಮ್ಮ. ಇವನ ಕಿವಿ ಹೋದಾಗ ಡಾಕ್ಟರ ಹತ್ರ ನಾನೂ ಹಾಗೇ ಬರೆಸಿದ್ದು."

ನಾನು ಎರಡನ್ನೂ ಬರೆದೆ. ಪೊಲೀಸಿನವನು ಬಂದು ಕೇಳಿದಾಗ ಅವಳು ಮುರಿದ ಭುಜದಲ್ಲೇ ಎದ್ದು ಕೂತು, "ನಮ್ಮನೆ ನೆಲ ಜಾರುತ್ತೆ. ನೆಲಾನ ಅರೆಸ್ಟ್ ಮಾಡ್ತೀಯಾ?" ಅಂತ ಕೇಳಿ ಕಳಿಸಿಬಿಟ್ಟಳು. ಒಂಟಿಕಿವಿ ಹೊರಗಿನ ಬೆಂಚಿನ ಮೇಲೆ ತನ್ನ ಅಂಗೈ ನೋಡುತ್ತಾ ಕೂತಿದ್ದ. ಅಂಗೈ ಊದಿಕೊಂಡಿತ್ತು. ಐಸು ತಂದುಕೊಟ್ಟರೆ ಬೇಡ ಅಂದ.

ವಾಪಸು ಹೋದ ಮೇಲೆ ಇಬ್ಬರ ನಡುವೆ ಮಾತು ನಿಂತಿತು. ಶೆಡ್ಡಿನ ನಡುವೆ ಒಂದು ಪ್ಲೈವುಡ್ ಅಡ್ಡಗೋಡೆ ಬಂತು. ಆ ಕಡೆ ಅಕ್ಕನ ನೂರು ಮರಿ, ನಾಲ್ಕು ಬಲ್ಬು. ಈ ಕಡೆ ತಮ್ಮನ ನೂರು ಮರಿ, ಮೂರು ಪ್ಲೇಟು. ಟಾರ್ಪಾಲು ತೆಗೆದು ಗಟ್ಟಿ ಗೋಡೆ ಹಾಕಿದ. ಸುತ್ತ ಒಂದಡಿ ಎತ್ತರದ ಹಲಗೆಯನ್ನು ದುಂಡಗೆ ಬಗ್ಗಿಸಿ ನಿಲ್ಲಿಸಿದ, ಮರಿಗಳು ಒತ್ತಿಕೊಳ್ಳಲು ಮೂಲೆಯೇ ಸಿಗದ ಹಾಗೆ. ಗೋಡೆಗೆ ಥರ್ಮಾಮೀಟರು ತೂಗುಹಾಕಿದ. ಶೆಡ್ಡಿನ ಗಾಳಿ ತೀರಾ ತಣ್ಣಗಾದರೆ ಪ್ಲೇಟಿನ ಕೆಲಸ ಕೆಡುತ್ತದೆ ಅನ್ನುವುದನ್ನು ಅವನು ಮೂವತ್ತೆಂಟು ಜೀವ ಕೊಟ್ಟು ಕಲಿತಿದ್ದ. ಎರಡು ದಿನಕ್ಕೊಮ್ಮೆ ಕಾಲುಗಳನ್ನು ಒಂದು ಸುತ್ತು ಮೇಲೆ ತಿರುಗಿಸುತ್ತಿದ್ದ. ಹೊಟ್ಟಿನ ಮೇಲೆ ಮಲಗಿ ಬಲಗಿವಿ ಕೊಟ್ಟು ಕೇಳುತ್ತಿದ್ದ. ಮೆಲ್ಲಗೆ ಗೊಣಗುತ್ತಿದ್ದರೆ ಸುಖವಾಗಿವೆ. ಚುಚ್ಚಿದ ಹಾಗೆ ಕೂಗಿದರೆ ಚಳಿ. ಅಂಚಿಗೆ ಬಂದು ಬಾಯಿ ತೆರೆದರೆ ಸೆಕೆ.

ಆ ಕಡೆಯ ಬಲ್ಬುಗಳನ್ನೂ ಕಟ್ಟಿಕೊಟ್ಟವನು ಅವನೇ, ಒಂದೊಂದಕ್ಕೆ ಎರಡೆರಡು ಹೊಸ ಚೈನು ಹಾಕಿ. ಎರಡೂ ಕಡೆಗೆ ಮರಳು ತುಂಬಿದ ಬಕೆಟ್ ಇಟ್ಟ. ಮಾತು ಮಾತ್ರ ಆಡಲಿಲ್ಲ. ಅಕ್ಕನೂ ಮರಿಗಳಿಗೆ ಹೇಳುವ ನೆಪದಲ್ಲಿ ಅವನಿಗೆ ಹೇಳುತ್ತಿದ್ದಳು: "ಊಟ ತಣ್ಣಗಾಗ್ತಿದೆ ಅಂತ ಯಾರಿಗಾದ್ರೂ ಹೇಳ್ರೋ."

ಮರಿಗಳು ಬಂದ ಹತ್ತನೆಯ ದಿನ ಬೆಳಿಗ್ಗೆ ಅಕ್ಕ ನೀರಿನ ಡಬ್ಬ ಎತ್ತಿದಳು. ಒಂದು ಕೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿತ್ತು, ಇನ್ನೊಂದರಲ್ಲಿ ತುಂಬಿದ ಡಬ್ಬ. ಭಾರಕ್ಕೆ ಡಬ್ಬ ವಾಲಿತು. ತಣ್ಣೀರು ಉರಿಯುವ ಬಲ್ಬಿಗೆ ಚಿಮ್ಮಿತು. ಬಲ್ಬು ಬಾಂಬಿನಂತೆ ಸಿಡಿಯಿತು.

ಗಾಜು ಅವಳ ಕೆನ್ನೆ ಸೀಳಿತು, ಕಣ್ಣಿನಿಂದ ಬೆರಳಗಲ ಕೆಳಗೆ. ಕೆಳಗಿದ್ದ ಮರಿಗಳ ಮೇಲೆ ಚೂರುಗಳು ಮಳೆಯಂತೆ ಸುರಿದವು. ಕಾದ ತುಣುಕು ಹೊಟ್ಟಿಗೆ ಬಿದ್ದು ಹೊಗೆ ಎದ್ದಿತು. ಒಂಟಿಕಿವಿ ಅಡ್ಡಗೋಡೆ ಒದ್ದುಕೊಂಡೇ ಬಂದ. ಮೊದಲು ಮೇನ್ ಸ್ವಿಚ್ ಇಳಿಸಿದ. ಆಮೇಲೆ ಮರಳು ಸುರಿದ. ಹೊಗೆಯ ಮೇಲೆ ನಿಂತು ಬೂಟುಗಾಲಲ್ಲಿ ತುಳಿದ, ತುಳಿದ, ಆರಿದ ಮೇಲೂ ತುಳಿದ.

ನಾಲ್ಕು ಮರಿ ಸತ್ತಿದ್ದವು. ಐದನೆಯದರ ಕತ್ತು ಗಾಜಿನಿಂದ ಅರ್ಧ ತುಂಡಾಗಿತ್ತು. ಅದು ಇನ್ನೂ ಓಡಲು ನೋಡುತ್ತಿತ್ತು. ಅಕ್ಕ ಅದನ್ನು ಎತ್ತಿ ಕತ್ತು ತಿರುಗಿಸಿ ಸಂಕಟ ಮುಗಿಸಿದಳು. ಕೆನ್ನೆಯಿಂದ ರಕ್ತ ಇಳಿದು ಕುಪ್ಪಸ ನೆನೆಯುತ್ತಿತ್ತು. ಅವಳು ಬಾಗಿಲಿನ ಕಬ್ಬಿಣದ ಅಗುಳಿ ಕಿತ್ತುಕೊಂಡಳು.

ಒಂಟಿಕಿವಿ ಕಣ್ಣು ಮುಚ್ಚಿ ನಿಂತ. ಇದು ತನಗೇ ಅಂದುಕೊಂಡ.

ಅಗುಳಿ ಬಿದ್ದದ್ದು ಎರಡನೆಯ ಬಲ್ಬಿಗೆ. ಆಮೇಲೆ ಮೂರನೆಯದಕ್ಕೆ. ನಾಲ್ಕನೆಯದು ಎತ್ತರದಲ್ಲಿತ್ತು, ಸಿಗಲಿಲ್ಲ. ಅವಳು ಕಿರುಚುತ್ತಾ ಹಾರಿ ಹಾರಿ ಹೊಡೆದಳು. ಮುರಿದ ಭುಜ, ಕೂಡಿಕೊಂಡ ಬೆರಳು, ಮೂವತ್ತಮೂರು ವರ್ಷದ ಶೆಡ್ಡು, ಎಲ್ಲ ಸೇರಿ ಆ ಒಂದು ಬಲ್ಬಿಗೆ. ಅದು ಒಡೆದ ಮೇಲೆ ಚೈನು ಹಿಡಿದು ಜಗ್ಗಿದಳು. ಚೈನು ಬರಲಿಲ್ಲ, ಎರಡೆರಡು ಹಾಕಿ ಕಟ್ಟಿದ್ದನಲ್ಲ. ಅದಕ್ಕೂ ಬೈದಳು.

"ಅಕ್ಕ, ಸಾಕು" ಅಂದ ಅವನು. ಮೂರು ವಾರದಲ್ಲಿ ಮೊದಲ ಮಾತು. "ಕರೆಂಟ್ ಹಾಕ್ಬೇಕು. ನನ್ನ ಕಡೆ ಮರಿಗಳು ಕೂಗ್ತಿವೆ."

ಅವಳು ಏದುಸಿರು ಬಿಡುತ್ತಾ ನಿಂತಳು. ಆಮೇಲೆ ಅಗುಳಿ ಕೆಳಗೆ ಹಾಕಿದಳು. "ಹಾಕು ಮತ್ತೆ. ಏನ್ ನೋಡ್ತಿದೀಯ? ನನ್ನವಕ್ಕೂ ಆ ಇಸ್ತ್ರಿ ಪೆಟ್ಟಿಗೆ ತರಿಸು."

ಎಲೆಕ್ಟ್ರಿಷಿಯನ್ ಎರಡು ಪ್ಲೇಟು ಹೊತ್ತು ತರುವವರೆಗೆ ಅವಳ ತೊಂಬತ್ತೈದು ಮರಿ ಪೆಟ್ಟಿಗೆಗಳಲ್ಲಿ ಅಡುಗೆಮನೆಯ ಒಲೆಯ ಪಕ್ಕ ಕೂತಿದ್ದವು. ಆಮೇಲೆ ಅವಳು ಕೆನ್ನೆಗೆ ಹೊಲಿಗೆ ಹಾಕಿಸಿಕೊಳ್ಳಲು ನನ್ನ ಹತ್ತಿರ ಬಂದಳು. ಬಂದವಳೇ ಈ ಸಲ ನಾನು ಕೇಳುವ ಮೊದಲೇ, "ಬಲ್ಬು. ಬರೀ ಬಲ್ಬು. ದೇವರಾಣೆ" ಅಂದಳು.

ಪ್ಲೇಟಿನ ಎತ್ತರ, ಬಿಸಿ ಎಲ್ಲ ಅವನೇ ಅವಳಿಗೆ ಕಲಿಸಿದ. ಅವಳ ಬಲಗೈಗೆ ಬಿಸಿ ತಿಳಿಯುತ್ತಿರಲಿಲ್ಲ, ಎಡಗೈಯನ್ನು ಅವಳು ನಂಬುತ್ತಿರಲಿಲ್ಲ. ಆದ್ದರಿಂದ ನೆಲದ ಮೇಲೆ ಮಲಗಿ ಕೆನ್ನೆಯನ್ನೇ ಪ್ಲೇಟಿನ ಕೆಳಗೆ ಕೊಟ್ಟು ನೋಡುತ್ತಿದ್ದಳು. ಒಂದು ಮರಿ ಬಂದು ಹೊಲಿಗೆಯ ದಾರ ಎಳೆಯಿತು. ಆ ಮರಿಯ ಏಳು ತಲೆಮಾರಿಗೆ ತಾಗುವಂತೆ ಬೈದಳು. ಪ್ಲೇಟಿನ ಮೇಲೆ ಗೋಣಿಚೀಲ ಹೊದಿಸಲು ಹೋದಾಗ ಅವನು ಕೈ ಹಿಡಿದು ತಡೆದ. "ಅದು ಬೇಡ. ಬಟ್ಟೆ ಹೊದಿಸಿದ್ರೆ ಇದೂ ಕಾದು ಕೂರುತ್ತೆ." ಅವಳು ಅವನು ಹಿಡಿದ ಕೈಯನ್ನು ನೋಡಿದಳು. ಅವನು ತಕ್ಷಣ ಬಿಟ್ಟುಬಿಟ್ಟ.

ಆ ತಿಂಗಳ ಕೊನೆಗೆ ಅವನು ಮನೆ ಬಿಟ್ಟ. ದೂರವೇನಲ್ಲ, ಎರಡು ಬೀದಿ ಆಚೆ, ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆ. ಬೆಳಿಗ್ಗೆ ಏಳಕ್ಕೆ ಶೆಡ್ಡಿಗೆ ಬರುವುದು, ಸಂಜೆ ಆರಕ್ಕೆ ಕೈ ತೊಳೆದು ಹೋಗುವುದು. ಅಕ್ಕ ನೇರ ನನ್ನ ಹತ್ತಿರ ಬಂದಳು.

"ಏನಾಗಿದೆ ಅವನಿಗೆ? ನಾನು ಹೊಡೆಯೋದು ಬಿಟ್ಟು ಎರಡು ತಿಂಗಳಾಯ್ತು."

"ನಿಜವಾಗ್ಲೂ?"

"ಒಂದು ಸಲ. ಅದೂ ಪೊರಕೆಯಲ್ಲಿ."

ಅವನನ್ನು ಕೇಳಿದೆ. ತೋಳಿನ ಗಾಯದ ಗುರುತು ತೋರಿಸಲು ಬಂದಿದ್ದ. ಅಂಗಿಯ ತೋಳು ಕೆಳಗೆಳೆದುಕೊಂಡು ಹೇಳಿದ: "ಅವಳ ಕೈಗೆ ನನಗೆ ಹೆದರಿಕೆ ಇಲ್ಲ ಸಿಸ್ಟರ್. ಚಿಕ್ಕಂದಿನಿಂದ ಅಭ್ಯಾಸ. ನನ್ನ ಕೈಗೆ ಹೆದರಿಕೆ. ಅವತ್ತು ಮೊದಲನೇದು ಮರಿಗೋಸ್ಕರ ಹೊಡೆದೆ. ಆಮೇಲಿನ ಎರಡು? ಅವಳು ಬಿದ್ದಿದ್ದಳು. ಮರಿ ಕೆಳಗೆ ಬಿದ್ದಿತ್ತು. ಆದರೂ ಹೊಡೆದೆ. ಹೊಡೆದಾಗ ಹಾಯ್ ಅನ್ನಿಸ್ತು. ಆ ಹಾಯಿ ಮತ್ತೆ ಬೇಕು ಅನ್ನಿಸಿಬಿಟ್ರೆ?"

ಮುಲಾಮು ಕೊಟ್ಟು ಕಳಿಸಿದೆ.

ಇದಾಗಿ ಐದು ವರ್ಷ. ನಾನು ನಿವೃತ್ತಳಾಗಿ, ಹಿತ್ತಲಿಗೆ ಆರು ಮರಿ ತರಲೆಂದು ಕಳೆದ ವಾರ ಅಲ್ಲಿಗೆ ಹೋಗಿದ್ದೆ. ಶೆಡ್ಡಿನಲ್ಲಿ ಹನ್ನೊಂದು ಪ್ಲೇಟು ಸಾಲಾಗಿ ನಿಂತಿದ್ದವು. ಇಬ್ಬರೂ ಒಂದು ಪ್ಲೇಟಿನ ಕಾಲು ಅರ್ಧ ಇಂಚು ಮೇಲಿರಬೇಕೋ ಕೆಳಗಿರಬೇಕೋ ಅಂತ ಕಿತ್ತಾಡುತ್ತಿದ್ದರು. ಅಕ್ಕನ ಗಂಟಲು ಮೊದಲಿನದೇ. ಒಂದು ಸಲ ಅವಳ ಕೈ ಮೇಲೆದ್ದಿತು. ಅವನು ಈ ಸಲ ಕಣ್ಣು ಮುಚ್ಚಲಿಲ್ಲ, ಎರಡು ಹೆಜ್ಜೆ ಹಿಂದೆ ಸರಿದು, ತನ್ನ ಎರಡೂ ಕೈ ಜೇಬಿಗೆ ಹಾಕಿಕೊಂಡು ನಿಂತ. ಅವಳು ಎತ್ತಿದ ಕೈಯಲ್ಲೇ ತಲೆ ಕೆರೆದುಕೊಂಡು, "ಸರಿ, ಅರ್ಧ ಇಂಚು ಮೇಲೇ ಇರಲಿ" ಅಂದಳು.

ಹೋದ ವರ್ಷ ಅವಳಿಗೆ ನ್ಯುಮೋನಿಯಾ ಆದಾಗ ಅವನು ಮೂರು ದಿನ ಅವಳ ಮನೆಯಲ್ಲೇ ಉಳಿದನಂತೆ. ಗಂಜಿ ಮಾಡಿ ಕುಡಿಸಿದ, ಹೊದಿಕೆ ಹೊದಿಸಿದ. ನಾಲ್ಕನೆಯ ದಿನ ಜ್ವರ ಇಳಿಯಿತು. ಅವತ್ತು ಸಂಜೆ ಆರಕ್ಕೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, "ನಾಳೆ ಬರ್ತೀನಿ" ಅಂದ.

"ಬರದೆ ಇನ್ನೆಲ್ಲಿಗೆ ಹೋಗ್ತೀಯ" ಅಂದು ಅವಳು ಗೋಡೆ ಕಡೆ ಹೊರಳಿ ಮಲಗಿದಳು.